ಮೊಳ ಹಾಕಿ ನೋಡಿದ್ದು

ಜೂನ್ ಎರಡನೆಯ ವಾರ. ಟೊಮೇಟೊ ಚಿಗುರು
ಒಳಕ್ಕೆ ಸುರುಟಿಕೊಂಡಿದೆ,
ಪಿಕೋ ಹಾಕುವಾಗ ನೂಲು ಬಿಗಿದು
ಮುದುಡಿದ ಸೆರಗಿನ ಹಾಗೆ.
ಮೂವತ್ತು ವರ್ಷ ಊರವರ ಬಟ್ಟೆ ಬಿಚ್ಚಿ ಹೊಲಿದವಳು ನಾನು,
ವೇಕ್‌ಫೀಲ್ಡಿನ ಡ್ರೈಕ್ಲೀನಿಂಗ್ ಅಂಗಡಿಯ ಹಿಂಬದಿಯಲ್ಲಿ.
ಸುಕ್ಕು ಎಲ್ಲಿಂದ ಹೊರಟಿತೆಂದು
ಬೆರಳಿಗೆ ಮೊದಲು ತಿಳಿಯುತ್ತದೆ, ಕಣ್ಣಿಗೆ ಆಮೇಲೆ.
ಎಲೆಯದು ಹಾಗಲ್ಲ.

ಮಗುಚಿ ನೋಡಿದೆ. ಅಡಿಯಲ್ಲಿ ಹೇನಿಲ್ಲ,
ಬಿಳಿನೊಣವಿಲ್ಲ, ನುಸಿಯ ಬಲೆಯಿಲ್ಲ.
ಅಂಗಮಾರಿಯಾದರೆ ಮಚ್ಚೆ ಇರಬೇಕು,
ಇಸ್ತ್ರಿಪೆಟ್ಟಿಗೆ ಮರೆತಿಟ್ಟಂಥ ಕಂದು ಕಲೆ,
ಬೆಳಗಿನ ತೇವದಲ್ಲಿ ಅದರಂಚಿಗೆ ಬಿಳಿ ಬೂಷ್ಟು.
ಇಲ್ಲ.
ನೀರು ಹೆಚ್ಚಾಯಿತೇ?
ಹೆಚ್ಚಾದರೆ ಕೆಳಗಿನೆಲೆ ಮೊದಲು ಮಡಚಬೇಕು.
ಇದು ತುದಿಯಿಂದ ಕೆಟ್ಟಿದೆ. ಎಳೆಯದೇ ಮೊದಲು.
ಪಕ್ಕದ ಸಾಲಿನ ಆಲೂಗಡ್ಡೆಯೂ ಅಷ್ಟೇ:
ಎಲೆ ಅಗಲವಾಗುವುದನ್ನು ಮರೆತು
ಸಣಕಲಾಗಿ, ಮುಷ್ಟಿ ಬಿಗಿದು ನಿಂತಿದೆ.
ಎಷ್ಟಾದರೂ ದಾಯಾದಿಗಳು.

ಆದರೆ ಅದೇ ಮಡಿಯ ಮುಸುಕಿನ ಜೋಳ ಸೊಂಪಾಗಿದೆ.
ಈರುಳ್ಳಿಗೆ ನೆಗಡಿಯೂ ಇಲ್ಲ.
ಹುಲ್ಲಿನ ಜಾತಿಯನ್ನು ಬಿಟ್ಟು
ಮಿಕ್ಕವರನ್ನೇ ಆರಿಸಿ ಹಿಡಿಯುವ ಕಾಯಿಲೆ.

ಗೊಬ್ಬರ ಎನಿಡ್ ಕೊಟ್ಟದ್ದು.
ಎಪ್ಪತ್ತೊಂಬತ್ತರ ಹೆಂಗಸು, ಮಾರ್ಚಿಯ ಚಳಿಯಲ್ಲಿ
ಹದಿನಾಲ್ಕು ತಳ್ಳುಗಾಡಿ ತಾನೇ ತಳ್ಳಿ ತಂದು
ಏಳು ತನಗೆ, ಏಳು ನನಗೆ.
ತಂಗಿಯ ಮಗಳ ಕುದುರೆಯದು. ಬಿಸ್ಕೆಟ್ ಅಂತ ಅದರ ಹೆಸರು.
ದುಡ್ಡು ಮುಟ್ಟಲಿಲ್ಲ.
ಹೋದ ವರ್ಷ ಅವಳ ಗಂಡನ ಕೋಟನ್ನು
ಅವಳ ಅಳತೆಗೆ ಇಳಿಸಿಕೊಟ್ಟಿದ್ದೆ,
ಅದಕ್ಕಿರಬಹುದು.

ಧರ್ಮಕ್ಕೆ ದಟ್ಟಿ ಕೊಟ್ಟರೆ
ಹಿತ್ತಲಿಗೆ ಹೋಗಿ ಮೊಳ ಹಾಕಿದಳಂತೆ.
ಅಮ್ಮ ಬಯ್ಯುತ್ತಿದ್ದುದೇ ಈ ಗಾದೆಯಲ್ಲಿ.
ನಾನೂ ಹಾಕಿದೆ. ಹಿತ್ತಲಲ್ಲಲ್ಲ, ಅಡುಗೆಮನೆಯ ಕಿಟಕಿಯಲ್ಲಿ:
ಎರಡು ಮೊಸರಿನ ಡಬ್ಬಿ, ತೂತು ಕೊರೆದು,
ಒಂದಕ್ಕೆ ಅಂಗಡಿಯ ಮಣ್ಣು,
ಇನ್ನೊಂದಕ್ಕೆ ಬಿಸ್ಕೆಟ್‌ನದೂ ಬೆರೆಸಿ,
ಮೂರು ಮೂರು ಬೀನ್ಸ್ ಬೀಜ.
ಕದ್ದು ತಂದದ್ದರ ಹಾಗೆ, ಪರದೆಯ ಹಿಂದೆ.

ಹದಿನೆಂಟನೆಯ ದಿನ
ಒಂದು ಡಬ್ಬಿಯಲ್ಲಿ ಮೂರೂ ಅಂಗೈ ಹರವಿದ್ದವು.
ಇನ್ನೊಂದರಲ್ಲಿ ಮೂರೂ ಗೂನು.

ಎಲ್ಲೋ ಹುಲ್ಲುಗಾವಲಿಗೆ ಯಾರೋ ಹೊಡೆದ ಕಳೆನಾಶಕ
ಒಣಹುಲ್ಲಿನಲ್ಲಿ ಕೂತು, ಮೇವಾಗಿ,
ಕುದುರೆಯ ಹೊಟ್ಟೆಯನ್ನು ಒಂದಿಷ್ಟೂ ನೋಯಿಸದೆ ದಾಟಿ,
ಲದ್ದಿಯಾಗಿ, ಉಡುಗೊರೆಯಾಗಿ,
ನನ್ನ ಗಿಡದ ತುದಿ ಮುಟ್ಟಿದೆ.

ಅತ್ತ ಎನಿಡ್ ತನ್ನ ಟೊಮೇಟೊಗೆ
ದಿನಾ ಎಪ್ಸಮ್ ಉಪ್ಪಿನ ನೀರು ಚಿಮುಕಿಸುತ್ತಾಳೆ.
ರಾತ್ರಿಯ ಥಂಡಿ ಅನ್ನುತ್ತಾಳೆ.
ಬೀಜದಂಗಡಿಯವನ ಮೋಸ ಅನ್ನುತ್ತಾಳೆ.
ನಾಲ್ಕು ದಿನ ನಾನು ಹೂಂ ಅಂದೆ.

ಐದನೆಯ ದಿನ ಡಬ್ಬಿಗಳನ್ನು ಎತ್ತಿಕೊಂಡು ಹೋದೆ.
ಕನ್ನಡಕ ಹಾಕಿಕೊಂಡಳು. ತೆಗೆದಳು.
ಜುಲೈಯಲ್ಲೂ ಬಿಡದ ಆ ಕೋಟಿನ ತೋಳಿಗೆ ಒರೆಸಿ
ಮತ್ತೆ ಹಾಕಿಕೊಂಡಳು.
"ಬಿಸ್ಕೆಟ್ ಇದನ್ನೇ ತಿನ್ನುತ್ತಿದೆಯಲ್ಲ" ಅಂದಳು,
ಅದೇ ಮೊದಲ ಮಾತು.
ಕುದುರೆಗೇನೂ ಆಗುವುದಿಲ್ಲ ಅಂದೆ.
ಎರಡು ಸಲ ಹೇಳಬೇಕಾಯಿತು.

ಆಮೇಲೆ ಇಬ್ಬರೂ ಕೂತು ಕಿತ್ತೆವು,
ಮೊದಲು ಅವಳವು, ಆಮೇಲೆ ನನ್ನವು.
ಗೋಲಿಯಷ್ಟೂ ಆಗದ ಗಡ್ಡೆಗಳು.
ಕ್ಷಮಿಸು ಅಂತ ಅವಳು ಅನ್ನದಿರಲೆಂದು
ನಾನು ಸುಮ್ಮನೆ ಮಾತಾಡುತ್ತಲೇ ಇದ್ದೆ,
ಕೆಟ್ಟ ಜಿಪ್ಪುಗಳ ಬಗ್ಗೆ, ಲೈನಿಂಗ್ ಬಟ್ಟೆಯ ಬೆಲೆಯ ಬಗ್ಗೆ.

ಗೊಬ್ಬರ ತಾಕದ ಬೇಲಿಯಂಚಿನಲ್ಲಿ
ತಾನಾಗಿ ಎದ್ದ ಒಂದು ಆಲೂಗಿಡ.
ಕೆಳಗಿನೆಲೆ ಹಳದಿ, ನರ ಮಾತ್ರ ಹಸಿರು.
"ಇದಕ್ಕೇನು ಬಂತೀಗ?" ಎನಿಡ್ ಅಲ್ಲಿಂದಲೇ ಕೂಗಿದಳು.
ಮೊಣಕಾಲೂರಿ ನೋಡಿದೆ.
ಮೆಗ್ನೀಸಿಯಂ ಸಾಲದು. ಅಷ್ಟೇ.
ಅವಳ ಬಾಟಲಿಯಲ್ಲಿ
ಉಪ್ಪಿನ ನೀರು ಇನ್ನೂ ಅರ್ಧ ಉಳಿದಿತ್ತು.